ಕಾರಿನ ಮೂತಿ ಎದ್ದ ದಿನ

ಅಪ್ಪಾ,

ನೆಟ್ಟಗಿನ ದಾರಿಯ ವೇಗದ ಓಟಕ್ಕೆಂದು ನಾವೇ ಕಟ್ಟಿದ ಡ್ರ್ಯಾಗ್ ರೇಸ್ ಕಾರು ಇವತ್ತು ಮೊದಲ ಸಲ ಓಡಿತು. ಎಷ್ಟು ಖುಷಿಯೆಂದರೆ, ಮದುವೆಯ ಹಸಿರು ಬಳೆಗೆಲ್ಲ ಗ್ರೀಸ್ ಮೆತ್ತಿಕೊಂಡು ಹಾಗೇ ಬರೆಯಲು ಕುಳಿತಿದ್ದೇನೆ.

ಹಿಂದಿನ ಗಾಲಿಗಳಿಗೆ ಹಿಡಿತ ಸಿಗಲೆಂದು ನನ್ನ ಗಂಡ ಕಾಶಿನಾಥ ಎಂಜಿನ್ನನ್ನು ಸೀಟಿನ ಹಿಂದೆ ಕೂರಿಸಿದ್ದರು. ಶಲವಡಿ ಹತ್ತಿರದ ಖಾಲಿ ಲೇಔಟಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಕಾರಿನ ಮೂತಿಯೇ ಮೇಲೆದ್ದಿತು.

"ಮುಂದ ಯಾರರ ಕುಂದ್ರಬೇಕಲೇ," ಅಂದ ಅವರ ಗೆಳೆಯ ಹೊಳೆಪ್ಪ.

"ನಾ ಕುಂದ್ರತೀನ್ರಿ. ಸಣ್ಣಾಕಿ ಇದ್ದಾಗ ನಮ್ಮಪ್ಪನ ಟ್ರ್ಯಾಕ್ಟರ್ ಏಳದಂಗ ನಾನೇ ಹಿಡಿದಿದ್ದೆ."

ಕಾಶಿನಾಥ ನಕ್ಕರು. "ಆಗ ನಿನ್ನ ತೂಕ ಇಪ್ಪತ್ತು ಕಿಲೋ ಇದ್ದೀತು. ಅಷ್ಟಕ್ಕ ಟ್ರ್ಯಾಕ್ಟರ್ ಕೇಳತೈತೇನು?"

ಎಂಜಿನ್ನನ್ನು ಒಂದು ಗೇಣು ಮುಂದಕ್ಕೆ ಸರಿಸಿ ಬೋಲ್ಟ್ ಬಿಗಿದೆವು. ಈ ಸಲ ಕಾರು ನೆಲ ಬಿಡದೆ ನೆಟ್ಟಗೆ ಹೋಯಿತು. ಎಲ್ಲರೂ ಕುಣಿದರು, ನಾನೂ ಕುಣಿದೆ.

ಆದರೆ ಆ ಇಪ್ಪತ್ತು ಕಿಲೋ ತಲೆಯಿಂದ ಹೋಗುತ್ತಿಲ್ಲ. ತಿರ್ಲಾಪುರದ ಹೊಲದಿಂದ ಹತ್ತಿ ಹೇರಿಕೊಂಡು ಬರುವಾಗ "ನೀ ಮುಂದ ಕುಂದರವ್ವಾ, ಇಲ್ಲಂದ್ರ ಗಾಡಿ ಏಳತೈತಿ" ಎಂದು ನನ್ನನ್ನು ಬಾನೆಟ್ ಮೇಲೆ ಕೂರಿಸುತ್ತಿದ್ದಿ. ಎಷ್ಟು ನಿಧಾನ ಹೊಡೆಯುತ್ತಿದ್ದಿ ಎಂದರೆ, ಮನೆಗೆ ಮರಳುವ ಎಮ್ಮೆಗಳು ನಮ್ಮನ್ನು ದಾಟಿ ಹೋಗುತ್ತಿದ್ದವು. ನಾನು ಕಣ್ಣೆದುರಿಗಿರಲಿ ಎಂದಷ್ಟೇ ಅಲ್ಲವಾ, ಅಪ್ಪಾ?

ನಾನು ಮೆಚ್ಚಿ ಮದುವೆಯಾದ ಮೇಲೆ ನೀನು ನನ್ನ ಫೋನ್ ಎತ್ತಿಲ್ಲ. ಪತ್ರವನ್ನೂ ಒಡೆಯುವುದಿಲ್ಲ, ಅದಕ್ಕೇ ಇದನ್ನು ಕಳಿಸುತ್ತಿಲ್ಲ.

ಈಗ ಹತ್ತಿ ಬಿಡಿಸುವ ಕಾಲ. ಗಾಡಿ ನಿಧಾನ ಹೊಡಿ. ಮುಂದೆ ಯಾರೂ ಕುಳಿತಿಲ್ಲ.