ಭಾವಬೀಜದ ಬಜೆಟ್ಟು

ಅಕ್ಟೋಬರ್ 5, ರವಿವಾರ

ಪಟ್ಟಿ ಮತ್ತೆ ಮೊದಲಿನಿಂದ. ಹಳೆಯದರ ಮೇಲೆ ಇವರು ಚಹಾದ ಕಪ್ಪಿಟ್ಟು ಎದ್ದು ಹೋದರು.

ಅತ್ತೆ — ಇಳಕಲ್ ಸೀರೆ. ಮಕ್ಕಳಿಬ್ಬರು — ಡ್ರೆಸ್ಸು. ಹೊಲದಲ್ಲಿ ದುಡಿಯುವ ಭರಮು, ಅವನ ಹೆಂಡತಿ — ಬಟ್ಟೆ, ಹಬ್ಬದ ತಿಂಡಿ ಫರಾಳದ ಡಬ್ಬಿ. ನಾದಿನಿ ಶೈಲಾ — ದೀಪಾವಳಿಯ ಭಾವಬೀಜಕ್ಕೆ ಸೀರೆ, ಏಳುನೂರರ ಒಳಗೆ. ರಾಯಬಾಗದಿಂದ ಬರುತ್ತಾಳೆ, ಅಣ್ಣನಿಗೆ ಆರತಿ ಎತ್ತುತ್ತಾಳೆ, ಕೊಟ್ಟ ಸೀರೆ ತೆಗೆದುಕೊಂಡು ಹೋಗುತ್ತಾಳೆ. ಬಡಪಾಯಿ, ಒಂದು ವರ್ಷವೂ ಬಣ್ಣ ಚೆನ್ನಾಗಿಲ್ಲ ಅಂದವಳಲ್ಲ.

ನನ್ನ ಹೆಸರಿಲ್ಲ. ಪಟ್ಟಿ ಬರೆಯುವವಳ ಹೆಸರು ಪಟ್ಟಿಯಲ್ಲಿ ಯಾವತ್ತು ಇತ್ತು?

ಆದರೆ ಈ ಸಲ ಬೇಜಾರಿಲ್ಲ. ಓಣಿಯ ಹೆಂಗಸರ ಭಿಶಿಗೆ ತಿಂಗಳು ತಿಂಗಳು ತುಂಬುತ್ತ ಬಂದಿದ್ದೆ. ಈ ಸಲ ಚೀಟಿ ನನ್ನ ಹೆಸರಿಗೆ ಎದ್ದಿದೆ. ಇಪ್ಪತ್ತು ಸಾವಿರ! ದೀಪಾವಳಿ ಪಾಡ್ವಾ ದಿನ ಶಾವಿಗೆ ಮಷಿನ್ ಮನೆಗೆ ಬರಬೇಕು. ಬೇಸಿಗೆ ಬಂತೆಂದರೆ ನಮ್ಮ ಭೋಜದ ಅರ್ಧ ಊರು ರವೆ ಹೊತ್ತುಕೊಂಡು ಬೇರೆ ಊರಿಗೆ ಹೋಗುತ್ತದೆ. ಇನ್ನು ನಮ್ಮ ಪಡಸಾಲೆಗೆ ಬರಲಿ. ಕಿಲೋಗೆ ಇಷ್ಟು ಅಂತ ನನ್ನ ಕೈಗೆ ಎಣಿಸಲಿ.

ಅಕ್ಟೋಬರ್ 8, ಬುಧವಾರ

ಜಗಳ. ಊಟಕ್ಕೆ ಕೂತಲ್ಲೇ ಇವರು ಶುರು ಮಾಡಿದರು.

"ಈ ಸಲ ಶೈಲಾಗ ಪೈಠಣಿ ತಗೊಳ್ಳೂಣು."

"ಯಾಕ್ರಿ? ಆಕೀದೇನ ಮತ್ತೊಂದ ಲಗ್ನ ಐತೇನು?"

"ಒಬ್ಬಾಕಿ ತಂಗಿ ಅದಾಳ. ಅಪ್ಪ ಹ್ವಾದ ಮ್ಯಾಲ ಆಕೀಗ ನನ್ನ ಬಿಟ್ರ ಯಾರದಾರ?"

ಮಾವ ಹೋಗಿ ಎರಡು ವರ್ಷವಾಯಿತು. ಹೋದ ದೀಪಾವಳಿಗೆ ಈ ಪ್ರೀತಿ ಎಲ್ಲಿ ಅಡಗಿತ್ತೋ… ಪೈಠಣಿ ರೇಷ್ಮೆ ಸೀರೆ ಅಂದರೆ ಹತ್ತು ಹನ್ನೆರಡು ಸಾವಿರ, ರೊಕ್ಕ ಎಲ್ಲಿಂದ ಎಂದು ಕೇಳಿದೆ.

"ಕಬ್ಬಿನ ಬಿಲ್ಲ ಹಬ್ಬಾ ಮುಗದ ಮ್ಯಾಲ ಬರ್ತೈತಿ. ನಿನ್ನ ಭಿಶಿ ರೊಕ್ಕ ಐತೆಲ್ಲ, ನೀಲಾ?"

ಎಷ್ಟು ಸಲೀಸಾಗಿ ಅಂದರು! ಉಪ್ಪಿನಕಾಯಿ ಬಡಿಸು ಅನ್ನುವ ಹಾಗೆ. ಕೊಡುವುದಿಲ್ಲ ಅಂದೆ. ತಾಟಿನಲ್ಲೇ ಕೈ ತೊಳೆದು ಎದ್ದರು. ಅತ್ತೆ ನನ್ನ ಮುಖ ನೋಡಿ ತಾಟು ಎತ್ತಿಟ್ಟರು.

ಅಕ್ಟೋಬರ್ 9

ತವರೂರು ಐಗಳಿಗೆ ಫೋನ್ ಹಚ್ಚಿ ಅವ್ವನ ಮುಂದೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಾರಿಕೊಂಡೆ. ಮಷಿನ್, ಪೈಠಣಿ, ಇವರ ಮೊಂಡುತನ — ಎಲ್ಲ.

"ಕೊಟ್ಟ ಬಿಡವಾ. ಹಬ್ಬದಾಗ ಕಿರಿಕಿರಿ ಬ್ಯಾಡ" ಅಂದಳು. ತವರಿನ ಬೆಂಬಲ ಇಷ್ಟೇ.

ತಮ್ಮ ಭರತ ಪಕ್ಕದಲ್ಲೇ ಇದ್ದ. "ನೀಲಕ್ಕಾ, ಮಷಿನ್ ಯಾವ ಕಂಪನೀದು?" ಎಂದು ಕೂಗಿ ಕೇಳಿದ. ಹೇಳಿದೆ. ಕೇಳುವುದಕ್ಕೇನು, ರೊಕ್ಕ ಬೀಳುತ್ತದೆಯೇ? ಅಪ್ಪ ತೀರಿಕೊಂಡ ಮೇಲೆ ದ್ರಾಕ್ಷಿ ತೋಟವೆಲ್ಲ ಇವನ ಕೈಯಲ್ಲಿದೆ. ಆದರೂ ಭಾವಬೀಜಕ್ಕೆ ನನಗೆ ಐದುನೂರರ ಒಂದು ನೋಟು, ಒಂದು ಕಿಲೋ ಒಣದ್ರಾಕ್ಷಿ. ಚಹಾ ಕುಡಿದು ಓಡುವ ಗಿರಾಕಿ. ಅವನ ದಾರಿ ಮಾತ್ರ ಬೆಳಗಿನಿಂದ ಕಾಯುತ್ತೇನೆ.

ಅಕ್ಟೋಬರ್ 12, ರವಿವಾರ ಸಂಜೆ

ಸೋತೆ. ಕೊಟ್ಟೆ. ಮೂರು ದಿನ ಮಾತು ಬಿಟ್ಟ ಗಂಡನ ಮುಖ ನೋಡಿಕೊಂಡು ಚಕ್ಕಲಿ ಒತ್ತುವುದು ನನ್ನಿಂದಾಗಲಿಲ್ಲ.

ನಿಪ್ಪಾಣಿ ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ರೊಕ್ಕ ನನ್ನದು, ಆರಿಸುವವಳೂ ನಾನೇ ಎಂದು ಮೊದಲೇ ಹೇಳಿದ್ದೆ. ಅಂಗಡಿಯವನು ಬದನೆ ಬಣ್ಣದ್ದೊಂದು ತೆಗೆದು ನನ್ನ ಹೆಗಲ ಮೇಲೇ ಹಾಕಿದ. ಹಸಿರು ಅಂಚು, ಸೆರಗಿನ ತುಂಬ ನವಿಲು. "ವಹಿನಿ, ಬಘಾ, ಕಿತೀ ಛಾನ್!" ಎಂದು ಮರಾಠಿಯಲ್ಲಿ ಹೊಗಳಿದ, ಎಷ್ಟು ಚೆಂದ ನೋಡಿ ಅಂತ. ನನಗಲ್ಲಪ್ಪಾ, ನಾದಿನಿಗೆ ಅಂದೆ. ಆದರೂ ಕನ್ನಡಿ ನೋಡಿದೆ. ನೋಡಬಾರದಿತ್ತು.

ಹನ್ನೆರಡು ಸಾವಿರ. ಐದುನೂರು ಬಿಡಿಸಲು ಅರ್ಧ ತಾಸು ಬಡಿದಾಡಿದೆ, ಬಿಡಲಿಲ್ಲ. ಉಳಿದದ್ದರಲ್ಲಿ ಅತ್ತೆಯ ಸೀರೆ, ಮಕ್ಕಳ ಡ್ರೆಸ್ಸು. ಬರುವಾಗ ಮಷಿನ್ ಅಂಗಡಿ ಹತ್ತಿರವಾಗುತ್ತಿದ್ದ ಹಾಗೆ ಇವರು ಗಾಡಿ ಜೋರು ಮಾಡಿದರು. ಹೆಲ್ಮೆಟ್ಟಿನ ಮೇಲೆ ಒಂದು ಹೊಡೆಯಬೇಕೆನಿಸಿತು.

ಅಕ್ಟೋಬರ್ 16, ಗುರುವಾರ

ಕಾರಣ ಸಿಕ್ಕಿತು. ಶೇಂಗಾ ಸುಲಿಯುತ್ತ ಅತ್ತೆಯೇ ಹೇಳಿದರು.

"ಸಿಟ್ಟ ಬಿಡ, ನೀಲಮಾ. ಹೊಲದ ಕಾಗದದಾಗ, ಉತಾರದಾಗ, ಶೈಲಾನ ಹೆಸರೂ ಬಂದೈತಿ. ಒಂದೂವರಿ ಎಕರೆ ಆಕೀ ಪಾಲಿಗಿ ಬರ್ತೈತಿ. ಹಬ್ಬಾ ಮುಗದ ಮ್ಯಾಲ ಆಕೀ ಕಡಿಂದ ಹಕ್ಕ ಬಿಟ್ಟೀನಿ ಅಂತ ಸಹಿ ಮಾಡಿಸ್ಕೋಬೇಕು. ಬರಿಗೈಲೆ ಹೆಂಗ ಕೇಳೂದು?"

ಯಾರೂ ಓದುವುದಿಲ್ಲ, ಹಾಗಾಗಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಸಿಟ್ಟು ಇಳಿಯಿತು. ಒಂದೂವರೆ ಎಕರೆ ನೀರಾವರಿ ಹೊಲ ಹನ್ನೆರಡು ಸಾವಿರಕ್ಕೆ! ಇಷ್ಟು ಸೋವಿ ನಿಪ್ಪಾಣಿ ಪೇಟೆಯಲ್ಲಿ ಕೊತ್ತಂಬರಿಯೂ ಸಿಗಲಿಲ್ಲ. ಹೊಲ ನನ್ನ ಮಕ್ಕಳಿಗೇ ತಾನೆ? ಮಷಿನ್ ಮುಂದಿನ ವರ್ಷ ಬಂದರಾಯಿತು.

ಆದರೆ ನನ್ನ ಭಿಶಿ ರೊಕ್ಕವೇ ಯಾಕೆ? ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಅದೊಂದು ಸಿಟ್ಟು ಉಳಿದಿದೆ.

ಅಕ್ಟೋಬರ್ 22, ಪಾಡ್ವಾ

ಮಷಿನ್ ಬರಲಿಲ್ಲ. ಇವರಿಗೆ ಆರತಿ ಎತ್ತಿದೆ. ತಾಟಿಗೆ ಐದುನೂರಾ ಒಂದು ಹಾಕಿದರು. ನನ್ನ ರೊಕ್ಕದಲ್ಲಿ ಉಳಿದ ಚಿಲ್ಲರೆ ಇರಬೇಕು.

ಅಕ್ಟೋಬರ್ 23, ಭಾವಬೀಜ

ಶೈಲಾ ಬಂದು ಹೋದಳು. ಆರತಿ ಎತ್ತಿದಳು, ಅಣ್ಣ ಡಬ್ಬಿ ಕೈಗಿಟ್ಟರು. ತೆರೆದು ನೋಡಿದಳು. ಸೀರೆಯ ಮೇಲೆ ಕೈ ಕೂಡ ಆಡಿಸಲಿಲ್ಲ.

"ಇಷ್ಟ ಭಾರೀದು ಯಾಕ, ಅಣ್ಣಾ?"

"ಇರಲಿ, ಒಬ್ಬಾಕಿ ತಂಗಿ. ಹಾಂ, ಸೋಮವಾರ ನಿಪ್ಪಾಣಿಗಿ ಬಂದ ಹೋಗ. ಒಂದ ಸಹಿ, ಅಷ್ಟ."

"ಹೂಂ" ಅಂದಳು. ಕೇಳಲೇ ಇಲ್ಲ, ಯಾವ ಸಹಿ ಎಂದು. ಗೊತ್ತಿತ್ತು.

ಆಮೇಲೆ ಅಡಿಗೆಮನೆಗೆ ಬಂದು ನನ್ನ ಹಿಂದೆ ನಿಂತಳು. "ವೈನಿ, ಹ್ವಾದ ವರ್ಷದ ಏಳನೂರರ ಸೀರಿ ಹರಿಯೂತನಾ ಉಟ್ಟೇನಿ. ಅದರ ಹಿಂದ ಯಾವ ಸಹೀನೂ ಇರಲಿಲ್ಲ." ಮತ್ತೆ, "ಸಹಿ ಮಾಡಲಿಲ್ಲಂದ್ರ ಮುಂದಿನ ಭಾವಬೀಜಕ್ಕ ನನ್ನ ಯಾರ ಕರೀತಾರ?" ಅಂದಳು.

ಹಂಗೇನಿಲ್ಲ ಶೈಲಾ, ತಿನ್ನು, ಅಂದೆ. ಅವಳ ತಾಟಿಗೆ ಇನ್ನಷ್ಟು ಚಿವಡಾ ಹಾಕಿದೆ. ಅವಳ ಮಗಳ ಕಾಲೇಜಿನ ಫೀ ತುಂಬುವುದು ಬಾಕಿ ಇದೆಯೆಂದು ನನಗೆ ಗೊತ್ತಿತ್ತು. ಆ ಮಾತು ತೆಗೆಯಲಿಲ್ಲ.

ಅಕ್ಟೋಬರ್ 24, ಶುಕ್ರವಾರ

ಭರತ ಭಾವಬೀಜಕ್ಕೆ ಒಂದು ದಿನ ತಡವಾಗಿ ಬಂದ, ಎಂದಿನ ಬೈಕಿನಲ್ಲಲ್ಲ. ಪಿಕಪ್ ಗಾಡಿ ತಂದ. ಹಿಂದೆ ದೊಡ್ಡ ರಟ್ಟಿನ ಡಬ್ಬಿ. ಇಬ್ಬರು ಹಿಡಿದು ಇಳಿಸಿ ಪಡಸಾಲೆಯಲ್ಲಿಟ್ಟರು.

ಶಾವಿಗೆ ಮಷಿನ್! ಅದೇ ಕಂಪನಿ, ಅದೇ ಸೈಜು.

ನಾನು ಅತ್ತೇಬಿಟ್ಟೆ. ಎಲ್ಲರ ಮುಂದೆ, ಸೆರಗು ಬಾಯಿಗೆ ಒತ್ತಿಕೊಂಡು. ಇಷ್ಟು ವರ್ಷ ಇವನನ್ನು ಐದುನೂರರ ಗಿರಾಕಿ ಅಂದವಳು ನಾನೇನಾ! ಕುಂಕುಮ ಹಚ್ಚಿದೆ, ಆರತಿ ಎತ್ತಿದೆ, ಬಾಯಿ ತುಂಬ ಬೇಸನ್ ಉಂಡಿ ತುರುಕಿದೆ.

ಅವನು ಉಂಡಿ ನುಂಗಿ, ಕಿವಿಯ ಹಿಂದೆ ಕೆರೆದುಕೊಂಡ.

"ನೀಲಕ್ಕಾ, ಸೋಮವಾರ ಅಥಣಿಗಿ ಬಂದ ಹೋಗ್ತೀಯೇನು? ನಾನ ಬಂದ ಕರಕೊಂಡ ಹೋಗ್ತೀನಿ. ದ್ರಾಕ್ಷಿ ಶೆಡ್ಡಿನ ಸಾಲಕ್ಕ ಬ್ಯಾಂಕಿನವ್ರು ಉತಾರ ನನ್ನ ಒಬ್ಬನ ಹೆಸರಲೆ ಬೇಕಂತಾರ. ಹಕ್ಕ ಬಿಟ್ಟೀನಿ ಅಂತ ಒಂದ ಸಹಿ, ಅಷ್ಟ."

ಆರತಿ ತಾಟು ಕೈಯಲ್ಲೇ ಇತ್ತು. ನಾನೂ "ಹೂಂ" ಅಂದೆ.

ಅಕ್ಟೋಬರ್ 26, ರವಿವಾರ

ಎರಡು ದಿನದಿಂದ ಮಷಿನ್ ಪಡಸಾಲೆಯಲ್ಲಿದೆ. ಡಬ್ಬಿ ಒಡೆದಿಲ್ಲ. ಮಕ್ಕಳು ಅದರ ಮೇಲೆ ಕೂತು ಟಿವಿ ನೋಡುತ್ತಾರೆ.

ಇವರಿಗೆ ಇವತ್ತು ಹೇಳಿದೆ. ಎದ್ದು ನಿಂತೇಬಿಟ್ಟರು. "ಸಹಿಗಿಹಿ ಮಾಡಬ್ಯಾಡ! ಅದು ನಿನ್ನ ಅಪ್ಪನ ಆಸ್ತಿ, ನಿನ್ನ ಹಕ್ಕ. ಒಂದ ಮಷಿನ್ನಿಗಿ ತ್ವಾಟಾ ಬಿಡ್ತಾರೇನು? ನಿನ್ನ ತಮ್ಮಗ ನಾಚಿಕಿ ಬರೂದಿಲ್ಲ?"

"ನಿಮಗ?" ಅಂದೆ.

ಕಬ್ಬಿಗೆ ನೀರು ಬಿಡಬೇಕು ಎಂದು ಹೊರಗೆ ಹೋದರು. ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಅವರ ಗಾಡಿ ನಿಪ್ಪಾಣಿಗೆ, ಭರತನ ಗಾಡಿ ಅಥಣಿಗೆ. ಸಹಿ ಮಾಡಲಿಲ್ಲವೆಂದರೆ ಮುಂದಿನ ವರ್ಷ ಯಾರ ದಾರಿ ಕಾಯಲಿ? ಶೈಲಾ ಕೇಳಿದ್ದೂ ಇದನ್ನೇ. ನಾನು ಚಿವಡಾ ಬಡಿಸಿದ್ದೆ. ಛೀ.

ಹಬ್ಬದ ಪಟ್ಟಿ ಅರ್ಧಕ್ಕೇ ನಿಂತಿತ್ತು. ಆದ ಖರ್ಚು ತುಂಬಿ ಮುಗಿಸೋಣವೆಂದು ಕೂತೆ.

ಅತ್ತೆ — ಇಳಕಲ್ ಸೀರೆ — ಸಾವಿರದ ಎಂಟುನೂರು.

ಭರಮು, ಹೆಂಡತಿ — ಬಟ್ಟೆ, ಡಬ್ಬಿ — ಒಂದೂವರೆ ಸಾವಿರ.

ಶೈಲಾ — ಪೈಠಣಿ — ಹನ್ನೆರಡು ಸಾವಿರ. ಅಲ್ಲ, ಹೊಡೆದು ಹಾಕಿದೆ. ಶೈಲಾ — ಪೈಠಣಿ — ಒಂದೂವರೆ ಎಕರೆ.

ನೀಲಮ — ಶಾವಿಗೆ ಮಷಿನ್ —