ನೀಲಿ ಇಂಕಿನ ಸಹಿ

ಮಾರ್ಚ್ 3, ಬೆಳಿಗ್ಗೆ 6:15

ಕನ್ನಡಿಯ ಮುಂದೆ ಮೂರನೇ ದಿನ. ಹತ್ತು ಸಲ ನಗಬೇಕಂತೆ, ಹಲ್ಲು ಅರ್ಧ ಮಾತ್ರ ಕಾಣಬೇಕಂತೆ. ಚುನಾವಣಾ ಸಲಹೆಗಾರನ ಅಪ್ಪಣೆ. ಇವನನ್ನು ನನ್ನ ಕೊರಳಿಗೆ ಕಟ್ಟುವ ಷರತ್ತಿನ ಮೇಲೆಯೇ ಪಕ್ಷ ಟಿಕೆಟ್ ಕೊಟ್ಟಿದ್ದು. ಹೋದ ಸಲ ಸೋತೆನಲ್ಲ, ಅದಕ್ಕೆ. ಅದಕ್ಕೆ ಮುಂಚೆ ನಾಲ್ಕು ಸಲ ಗೆದ್ದಿದ್ದು ಯಾರಿಗೂ ನೆನಪಿಲ್ಲ.

ನಿನ್ನೆ ಅವನು ಅಂದದ್ದು: "ಜನಕ್ಕೆ ನೀವು ಗೊತ್ತಿಲ್ಲ ಅಂತಲ್ಲ ಮೇಡಂ. ತುಂಬಾ ಗೊತ್ತು. ಅದೇ ಪ್ರಾಬ್ಲಮ್ಮು."

ಇಪ್ಪತ್ತೆಂಟು ವರ್ಷದಿಂದ ಈ ಊರಿಗೆ ನಾನು ಬೈಯುವ ಹೆಂಗಸು. ಇಂಜಿನಿಯರನ್ನು ಬೈದೆ, ಗುತ್ತಿಗೆದಾರನನ್ನು ಬೈದೆ, ಒಮ್ಮೆ ಮೈಕಿನಲ್ಲೇ ಮೈಕಿನವನನ್ನು ಬೈದೆ. ಬೆನ್ನ ಹಿಂದೆ 'ಹೆಡ್‌ಮಿಸ್ಟ್ರೆಸ್' ಅನ್ನುತ್ತಾರೆ. ಈಗ ಏಪ್ರಿಲ್ ಒಂಬತ್ತರ ಮತದಾನದೊಳಗೆ ಬೆಣ್ಣೆಯಾಗಬೇಕು. ಘೋಷಣೆ ಆಗಲೇ ಅಚ್ಚಿಗೆ ಹೋಗಿದೆ: 'ಬದಲಾದ ಅಕ್ಕ'.

ನನ್ನ ಸ್ವಂತ ಅಕ್ಕ ಟವೆಲ್ ಮಡಚುತ್ತ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. "ಯಾವಾಗ ಬದಲಾದೆ? ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಅಂದು ಒಳಗೆ ಹೋದಳು.

ಮಾರ್ಚ್ 6

ಪೋಸ್ಟರ್ ಬಂತು. ಕೆನ್ನೆಯ ಮಚ್ಚೆ ಮಾಯ. ಹುಬ್ಬಿನ ನಡುವಿನ ಗೆರೆ ಮಾಯ. ಆ ಗೆರೆ ಬೀಳಲು ನನಗೆ ಹದಿನೈದು ವರ್ಷ ಹಿಡಿದಿತ್ತು!

ಬಸ್ ನಿಲ್ದಾಣದಲ್ಲಿ ಕರಪತ್ರ ಹಂಚುವಾಗ ಒಬ್ಬ ಮುದುಕ ಪೋಸ್ಟರನ್ನು ನೋಡಿದ, ನನ್ನನ್ನು ನೋಡಿದ. ಇವರು ನಿಮ್ಮ ತಂಗಿಯೇ ಎಂದು ಕೇಳಿದ. "ಅವರ್ಯಾಕೆ ನಿಂತ್ರು, ನೀವೇ ನಿಲ್ಬೋದಿತ್ತಲ್ಲ" ಅಂದು ಬಸ್ಸು ಹತ್ತಿದ. ಪಕ್ಕದಲ್ಲಿದ್ದ ಪಿ.ಎ. ಕೆಮ್ಮಿದ. ಇಪ್ಪತ್ತಾರು ವರ್ಷ ಜೊತೆಗಿದ್ದಾನೆ, ಅವನ ಯಾವ ಕೆಮ್ಮು ನಗು ಎಂಬುದು ನನಗೆ ಗೊತ್ತು.

ಮಾರ್ಚ್ 11, ಮಧ್ಯಾಹ್ನ

ಗೋದಾಮುಗಳ ಹಿಂದಿನ ಗಲ್ಲಿ. ಮನೆಮನೆ. ಅರ್ಧ ಹಲ್ಲಿನ ನಗು ಹನ್ನೊಂದನೇ ಮನೆಯವರೆಗೆ ಚೆನ್ನಾಗಿ ನಡೆಯಿತು.

ಅದು ದರ್ಜಿ ಹೆಂಗಸಿನ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್, ಸುತ್ತ ಶಾಲೆ ಅಂಗಿಗಳ ಕಾಲರ್. ಆಕೆ ನಗಲಿಲ್ಲ. ಕಪಾಟಿನಿಂದ ಒಂದು ಹಾಳೆ ತೆಗೆದಳು. ಹರಿಯದಿರಲೆಂದು ಪ್ಲಾಸ್ಟಿಕ್ ಹಾಕಿಸಿದ್ದಾಳೆ. ಒಂಬತ್ತು ವರ್ಷದ ಹಿಂದಿನ ಅರ್ಜಿ. ಗಂಡನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆಸ್ಪತ್ರೆಯ ಬಸ್ಸು ಇವರ ಗಲ್ಲಿಯ ಬಾಯಲ್ಲೇ ಹಾದುಹೋಗುತ್ತದೆ, ನಿಲ್ಲುವುದಿಲ್ಲ. ಮುಂದಿನ ಸರ್ಕಲ್‌ನಲ್ಲಿ ಇಳಿದು ಒಂದು ಕಿಲೋಮೀಟರ್ ಹಿಂದಕ್ಕೆ ನಡೆಯಬೇಕು. ಇಲ್ಲೊಂದು ನಿಲುಗಡೆ ಕೊಡಿ — ಇಷ್ಟೇ ಕೇಳಿದ್ದು. ಕೆಳಗೆ ನನ್ನ ಅಕ್ಷರ: 'ಪರಿಶೀಲಿಸಿ, ತಕ್ಷಣ ಕ್ರಮ ಕೈಗೊಳ್ಳಿ'. ಸಹಿ.

"ಇದನ್ನ ಹಿಡ್ಕೊಂಡು ಡಿಪೋಗೆ ಅಲೆದೂ ಅಲೆದೂ ಚಪ್ಪಲಿ ಸವೀತು ಮೇಡಂ. ನಿಮ್ಮ ಸಹಿ ಇದೆಯಲ್ಲ ಅಂತ ಧೈರ್ಯ."

ಸಹಿಯ ಇಂಕು ನೀಲಿ. ಪಿ.ಎ. ತನ್ನ ಶೂ ನೋಡುತ್ತ ನಿಂತ.

ಸಂಜೆ

ಬರೆದೇಬಿಡುತ್ತೇನೆ. ನನ್ನ ಬಳಿ ಎರಡು ಪೆನ್ನು ಇರುತ್ತಿದ್ದವು. ಬರೆಯುವ ಸಾಲು ಎಲ್ಲರಿಗೂ ಒಂದೇ. ಹಸಿರು ಇಂಕಿನಲ್ಲಿದ್ದರೆ ಕೆಲಸ ಮಾಡು. ನೀಲಿಯಲ್ಲಿದ್ದರೆ ನಯವಾಗಿ ಮಾತಾಡಿ ಸಾಗಹಾಕು. ಇದು ಗೊತ್ತಿದ್ದದ್ದು ನನಗೆ, ಪಿ.ಎ.ಗೆ, ಅಧಿಕಾರಿಗಳಿಗೆ. ಅರ್ಜಿ ತಂದವರು ಕೈಮುಗಿದು ಹೋಗುತ್ತಿದ್ದರು.

ಅವಳದ್ದಕ್ಕೆ ನೀಲಿ ಯಾಕೆ? ಆ ಗಲ್ಲಿಯ ಬೂತಿನಲ್ಲಿ ಅದರ ಹಿಂದಿನ ಚುನಾವಣೆಯಲ್ಲಿ ನನಗೆ ಬಿದ್ದದ್ದು ಅರವತ್ತೊಂದು ವೋಟು. ಅದಕ್ಕೆ. ಬೇರೆ ಕಾರಣವಿಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ 12

ಜನರ ಮುಂದೆ ಇದನ್ನು ಹೇಳುತ್ತೇನೆ ಅಂದೆ. ಸಲಹೆಗಾರನ ಮುಖದಲ್ಲಿ ರಕ್ತವಿಲ್ಲ. ಬದಲಾವಣೆ ಅಂದರೆ ಮುಂದಕ್ಕೆ ನೋಡುವುದಂತೆ. ಹುಬ್ಬಿನ ಗೆರೆ ಅಳಿಸಿದರೆ ಬದಲಾವಣೆ, ಮಾಡಿದ್ದನ್ನು ಒಪ್ಪಿದರೆ ಆತ್ಮಹತ್ಯೆ — ಯಾವ ಸೀಮೆ ಲೆಕ್ಕ ಇದು?

ಪಿ.ಎ. ಎಂದೂ ಎದುರಾಡಿದವನಲ್ಲ. ಇವತ್ತು ಆಡಿದ. ತನ್ನ ಮಾನವೂ ಹೋಗುತ್ತದೆ, ತನಗೂ ಮೊಮ್ಮಕ್ಕಳಿದ್ದಾರೆ ಅಂದ. ಅದು ನಿಜ. ನಿನ್ನ ಸುದ್ದಿ ಎತ್ತುವುದಿಲ್ಲ, ಪೆನ್ನು ಹಿಡಿದವಳು ನಾನು ಅಂದೆ.

ಅಕ್ಕ ಮಾತ್ರ ಬೇರೆಯದನ್ನೇ ಕೇಳಿದಳು. "ಹೇಳೋದು ಹೇಳ್ತೀಯ. ಗೆದ್ದ ಮೇಲೆ ಮತ್ತೆ ಎರಡು ಪೆನ್ನು ಇಟ್ಕೊಳ್ಳಲ್ವಾ?"

ಇಟ್ಟುಕೊಳ್ಳಲ್ಲ ಅನ್ನಬೇಕಿತ್ತು. "ಗೊತ್ತಿಲ್ಲ ಕಣೇ" ಅಂದೆ. ಅವಳ ಮುಂದೆ ಸುಳ್ಳು ಹೇಳಿ ಯಾವತ್ತೂ ದಕ್ಕಿಸಿಕೊಂಡಿಲ್ಲ.

ಮಾರ್ಚ್ 20

ನಿನ್ನೆ ಪುರಸಭೆಯ ಸಭಾಂಗಣ. ಸಲಹೆಗಾರ ಬರೆದುಕೊಟ್ಟ ಭಾಷಣ ಮಡಚಿ ಇಟ್ಟೆ. ಎರಡು ಪೆನ್ನು ಎತ್ತಿ ತೋರಿಸಿದೆ. ಯಾವುದಕ್ಕೆ ಯಾವುದು ಎಂದು ಹೇಳಿದೆ. ಅರವತ್ತೊಂದು ವೋಟಿನ ವಿಷಯವನ್ನೂ ಹೇಳಿದೆ. ನಾನು ನಗಲಿಲ್ಲ, ಅಳಲೂ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು. "ನನ್ನ ಕಾಗದ ಮನೇಲಿದೆ. ನಾಳೆ ತರ್ತೀನಿ, ಬಣ್ಣ ನೋಡಿ ಹೇಳ್ತೀರಾ?"

ಇವತ್ತು ಏಳು ಗಂಟೆಗೇ ಗೇಟಿನ ಮುಂದೆ ಸಾಲು. ಇಷ್ಟು ಜನ ನನ್ನ ಹಾಳೆಗಳನ್ನು ಇಟ್ಟುಕೊಂಡಿದ್ದಾರೆಂದು ಗೊತ್ತಿರಲಿಲ್ಲ... ಟ್ರಂಕಿನಲ್ಲಿ, ಹಾಸಿಗೆಯ ಕೆಳಗೆ, ಒಬ್ಬರಂತೂ ಫ್ರೇಮ್ ಹಾಕಿಸಿ. ಕೂತು ನೋಡಿದೆ. ನೀಲಿ. ನೀಲಿ. ನೀಲಿ. ಹಸಿರು. ನೀಲಿ. ಕೆಲವರು ಬೈದರು. ಕೇಳಿಸಿಕೊಂಡೆ. ನನಗಿಂತ ಚೆನ್ನಾಗಿ ಬೈಯುತ್ತಾರೆ. ಒಬ್ಬ ಗಾರೆ ಕೆಲಸದವನದ್ದು ಹಸಿರು, ಅವನ ಸಿಟ್ಟೇ ಎಲ್ಲರಿಗಿಂತ ಹೆಚ್ಚು: "ಹಸಿರಿದ್ದೂ ಆಗಿಲ್ವಲ್ಲ, ಇದಕ್ಕೇನ್ ಹೇಳ್ತೀರಿ?"

ಪಕ್ಷದ ಅಧ್ಯಕ್ಷರ ಫೋನ್. ಆರೋಗ್ಯ ಸರಿಯಿಲ್ಲ ಎಂದು ಹೇಳಿ ಮನೆಯಲ್ಲಿ ಕೂರಬೇಕಂತೆ. ಆರೋಗ್ಯ ಗಟ್ಟಿಯಾಗಿದೆ ಅಂದು ಇಟ್ಟೆ.

ಮಾರ್ಚ್ 22

ಸಲಹೆಗಾರ ಕುಣಿಯುತ್ತ ಬಂದ. ನನ್ನ ಮಾತಿನ ವಿಡಿಯೋ ಊರೆಲ್ಲ ಓಡಾಡುತ್ತಿದೆ. ಹೊಸ ಘೋಷಣೆ ತಂದಿದ್ದಾನೆ: 'ಇನ್ನು ಒಂದೇ ಪೆನ್ನು'. ಪೆನ್ನಿನ ಚಿತ್ರದ ಬ್ಯಾಡ್ಜ್ ಕೂಡ. ಮೈಯೆಲ್ಲ ಉರಿಯಿತು. ಮೊನ್ನೆ ಬೇಡ ಅಂದಿದ್ದನ್ನೇ ಇವತ್ತು ಡಬ್ಬಿಗೆ ತುಂಬಿ ಮಾರುತ್ತಾನೆ. ಬ್ಯಾಡ್ಜನ್ನು ಅವನ ಚೀಲಕ್ಕೇ ತುರುಕಿ ಹೊರಗೆ ಕಳಿಸಿದೆ. ಬೆಣ್ಣೆಯಂತೆ ಮಾತಾಡಿ ಅಲ್ಲ, ಪಕ್ಕಾ ಹೆಡ್‌ಮಿಸ್ಟ್ರೆಸ್ ಧಾಟಿಯಲ್ಲಿ. ಎಷ್ಟು ಹಾಯೆನಿಸಿತು!

ಮಾರ್ಚ್ 27

ಸಾಲಿನಲ್ಲಿ ದರ್ಜಿ ಹೆಂಗಸು ಬಂದಿರಲಿಲ್ಲ. ನಾನೇ ಹೋದೆ, ಒಬ್ಬಳೇ. ಗಂಡ ಒಳಗೆ ಮಲಗಿದ್ದರು, ಆಗಷ್ಟೇ ಆಸ್ಪತ್ರೆಯಿಂದ ಬಂದು, ಸರ್ಕಲ್‌ನಿಂದ ನಡೆದ ಆಯಾಸ. ಆಕೆ ಸ್ಟೂಲ್ ಕೊಟ್ಟಳು. ಮಿಷನ್ ನಿಲ್ಲಿಸಲಿಲ್ಲ.

"ವಿಡಿಯೋ ನೋಡ್ದೆ. ನಿಜ ಹೇಳಿದ್ರಿ, ನಂಬ್ತೀನಿ."

ಎದೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಅಷ್ಟರಲ್ಲಿ ಆಕೆ ದಾರ ಕಚ್ಚಿ ಕತ್ತರಿಸಿದಳು.

"ನಂಬಿದ್ದಕ್ಕೇ ವೋಟು ಹಾಕಲ್ಲ. ನೀವು ಇಂಥೋರು ಅಂತ ನೀವೇ ಹೇಳಿದ್ಮೇಲೆ ಹೇಗೆ ಹಾಕ್ಲಿ?"

ಕೋಪ ಬಂತು. ನಾನು ಇಷ್ಟೆಲ್ಲ ಮಾಡಿ... ದಾರಿಯುದ್ದಕ್ಕೂ ಜಗಳವಾಡಿದೆ, ಅವಳಿಲ್ಲದೆ, ಅವಳ ಜೊತೆ. ಮನೆ ಮುಟ್ಟುವ ಹೊತ್ತಿಗೆ ಸೋತಿದ್ದೆ. ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ.

ಏಪ್ರಿಲ್ 9

ಮತದಾನ ಮುಗಿಯಿತು. ನಾನು ಮೊದಲಿನ ಹಾಗೇ ಬೈದುಕೊಂಡೇ ಬೂತು ಸುತ್ತಿದೆ. ಯಾರು ಏನು ಒತ್ತಿದರೋ.

ಏಪ್ರಿಲ್ 10

ದರ್ಜಿಯ ಮನೆಗೆ ಮತ್ತೆ ಹೋದೆ. ಡಿಪೋಗೆ ಜೊತೆಗೆ ಬರುತ್ತೀಯಾ ಅಂದೆ. ವೋಟು ಹಾಕಿಲ್ಲ, ತಿಳಿದಿರಲಿ ಅಂದಳು. ವೋಟಿನ ಕೆಲಸ ಮುಗಿಯಿತು, ಇದು ಬಸ್ಸಿನ ಕೆಲಸ ಅಂದೆ. ಹೊಸ ಅರ್ಜಿ ಅವಳೇ ಬರೆದಳು, ಕೆಳಗೆ ನಾನೂ ಸಾಮಾನ್ಯ ಅರ್ಜಿದಾರಳಾಗಿ ಹೆಸರು ಹಾಕಿದೆ. ಡಿಪೋದ ಗುಮಾಸ್ತ ಹದಿಮೂರಕ್ಕೆ ಹತ್ತು ಗಂಟೆಗೆ ಬನ್ನಿ, ಮ್ಯಾನೇಜರ್ ಸಿಗುತ್ತಾರೆ ಅಂದ.

ಹದಿಮೂರಕ್ಕೇ ವೋಟಿನ ಎಣಿಕೆ. ಪಿ.ಎ. ತಲೆ ಚಚ್ಚಿಕೊಂಡ. ಗೆದ್ದ ಮೇಲೆ ಒಂದು ಫೋನ್ ಮಾಡಿದರೆ ಸಾಕಲ್ಲ ಅಂದ. ಹಾಗೆ ಮಾಡಿದರೆ ಬಸ್ಸು ನನಗಾಗಿ ನಿಲ್ಲುತ್ತದೆ, ಆಕೆಯ ಗಂಡನಿಗಲ್ಲ. ನಾಳೆ ಇನ್ನೊಬ್ಬರು ಗೆದ್ದರೆ ಮತ್ತೆ ನಿಲ್ಲುವುದಿಲ್ಲ.

ಏಪ್ರಿಲ್ 13, ಬೆಳಿಗ್ಗೆ 10:50

ಡಿಪೋದ ಬೆಂಚು. ಟೋಕನ್ ಹದಿನಾಲ್ಕು. ಮಂಡಿ ನೋವು. ಅಧಿಕಾರಿಯ ಬಾಗಿಲ ಹೊರಗೆ ಕೂತು ಕಾಯುವುದು ನನ್ನ ಜನ್ಮದಲ್ಲಿ ಇದೇ ಮೊದಲು. ಪಕ್ಕದಲ್ಲಿ ದರ್ಜಿ, ಒಂದು ಕಾಲರಿಗೆ ಕೈಹೊಲಿಗೆ ಹಾಕುತ್ತಿದ್ದಾಳೆ. ಈ ಬೆಂಚಿನಲ್ಲಿ ಹೇಗೆ ಕೂರಬೇಕೆಂದು ಅವಳಿಗೆ ಗೊತ್ತು.

ಫೋನ್ ಬಡಿದುಕೊಳ್ಳುತ್ತಲೇ ಇದೆ. ಪಿ.ಎ. ನಾಲ್ಕು ಸಲ, ಅಧ್ಯಕ್ಷರು ಎರಡು ಸಲ, ಸಲಹೆಗಾರ ಕೂಡ. "ಎತ್ತಿ ಮೇಡಂ, ರಿಸಲ್ಟ್ ಇರ್ಬೇಕು" ಅಂದಳು ದರ್ಜಿ. ಎತ್ತಿ ಗೆದ್ದೆನೆಂದು ತಿಳಿದರೆ ಒಳಗೆ ಹೋಗುವಾಗ ನನ್ನ ನಡಿಗೆಯೇ ಬೇರೆಯಾಗುತ್ತದೆ. ಸೋತೆನೆಂದು ತಿಳಿದರೆ ಧ್ವನಿ ಇಳಿಯುತ್ತದೆ. ಎರಡೂ ಬೇಡ. ಸ್ವಿಚ್ ಆಫ್ ಮಾಡಿದೆ. ಆಕೆ ನೋಡಿದಳು, ಸ್ವಲ್ಪ ಸರಿದು ಕಾಲು ಚಾಚಲು ಜಾಗ ಕೊಟ್ಟಳು.

ಹದಿಮೂರನೇ ಟೋಕನ್ನಿನವರು ಹೊರಗೆ ಬಂದರು. ಜವಾನ ಬಾಗಿಲಲ್ಲಿ ನಿಂತು ನಮ್ಮ ಕಡೆಗೇ ನೋಡುತ್ತಿದ್ದಾನೆ. ದರ್ಜಿ ಸೂಜಿ ಚುಚ್ಚಿಟ್ಟು ಎದ್ದಳು. ಮೊದಲು ಮಾತಾಡುವುದು ಅವಳೇ, ನಾನು ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುವುದು. ಕರೆದರು, ಹೊರಟೆ.