ಗ್ಲೌಸಿನ ಪ್ರಾರ್ಥನೆ

ಮನೆಯಿಂದ,
ಮಂಗಳವಾರ, ಹನ್ನೊಂದನೆಯ ತಾರೀಖು

ಪ್ರೀತಿಯ ತಮ್ಮಾ,

ಮಂಡಿನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಅವರಿಗೇ ಉಪದೇಶ ಮಾಡಿ ಬಂದೆಯೋ? ಸಕ್ಕರೆ ಕಾಯಿಲೆಯವನು ನೀನು. ಹೋದ ಹೋದ ಸಭೆಯಲ್ಲೆಲ್ಲ ಕೇಕು ಕತ್ತರಿಸಿ ಬಾಯಿಗೆ ಇಡುತ್ತಾರೆ. ಬೇಡ ಅನ್ನುವುದನ್ನು ಈ ವಯಸ್ಸಿನಲ್ಲಾದರೂ ಕಲಿ. ನನ್ನ ವಿಷಯಕ್ಕೆ ಬಂದರೆ, ಪೊರೆ ತೆಗೆಸಿದ ಕಣ್ಣು ಚೆನ್ನಾಗಿದೆ. ಊಟ, ನಿದ್ದೆ, ಪುಸ್ತಕ ಎಲ್ಲ ಹೊತ್ತುಹೊತ್ತಿಗೆ ನಡೆಯುತ್ತಿದೆ. ಒಂದು ಹೇಸಿಗೆ ಮಾತ್ರ ಒಂದು ತಿಂಗಳಿಂದ ಬಿಡುತ್ತಿಲ್ಲ. ಅದಕ್ಕೆ ಮಾತ್ರೆ ಇಲ್ಲ, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ನಮ್ಮ ಚರ್ಚಿನ ಆಸ್ಪತ್ರೆಯ ನೆಲಮಾಳಿಗೆಗೆ ನೀನು ಯಾವತ್ತಾದರೂ ಇಳಿದಿದ್ದೀಯಾ? ನಾನೂ ಇಳಿದಿರಲಿಲ್ಲ. ಮೂವತ್ತು ವರ್ಷ ಮೇಲಿನ ವಾರ್ಡುಗಳಿಗೆ ಹೂವು ಹಣ್ಣು ಹಿಡಿದು ಹೋಗಿ ಬಂದವಳು, ಹೋದ ತಿಂಗಳು ಮೊದಲ ಸಲ ಇಳಿದು ನೋಡಿದೆ. ಹಬೆ ತುಂಬಿದ ಕೋಣೆ, ಎರಡು ದೊಡ್ಡ ಯಂತ್ರ, ಹಾಸಿಗೆ ಬಟ್ಟೆಯ ರಾಶಿ. ಇರುವ ಒಂದೇ ಕಿಟಕಿ ರಸ್ತೆಯ ಮಟ್ಟದಲ್ಲಿದೆ. ಅದರಿಂದ ಕಾಣುವುದು ಹೋಗಿಬರುವವರ ಚಪ್ಪಲಿ, ಬೂಟು ಅಷ್ಟೇ. ಅಲ್ಲಿ ಏಳು ಹೆಂಗಸರು ಕೆಲಸ ಮಾಡುತ್ತಾರೆ. ರಕ್ತ, ಕೀವು, ವಾಂತಿ ಹತ್ತಿದ ಬಟ್ಟೆಯನ್ನು ಬರಿಗೈಯಲ್ಲಿ ವಿಂಗಡಿಸಿ ಯಂತ್ರಕ್ಕೆ ಹಾಕಬೇಕು. ಮೇಲಿನವರಿಗೆ ಆ ಬಟ್ಟೆ ಕೊಡವಿ ಕಳಿಸುವಷ್ಟು ಪುರಸೊತ್ತಿಲ್ಲ, ಇಬ್ಬರು ಮಾಡುವ ಕೆಲಸಕ್ಕೆ ಒಬ್ಬ ನರ್ಸು. ಹೀಗಾಗಿ ಮಡಿಕೆಯೊಳಗೆ ಬಳಸಿದ ಸೂಜಿಗಳು ಉಳಿದಿರುತ್ತವೆ. ಈ ಏಳು ಜನರಲ್ಲಿ ಹಿರಿಯಳು ಇಸ್ತ್ರಿಯಕ್ಕ. ನಿನಗೆ ಗೊತ್ತಿರಬೇಕು, ಕೊನೆಯ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಅರ್ಧ ಸಾಲು ಹಿಂದೆ ಹಾಡುವವಳು. ಇಪ್ಪತ್ತೆರಡು ವರ್ಷದಿಂದ ಚರ್ಚಿನ ಪವಿತ್ರ ಮೇಜಿನ ಬಟ್ಟೆಗೆ ಇಸ್ತ್ರಿ ಹಾಕುತ್ತಿರುವವಳು ಅವಳೇ. ಹೋದ ಸಲ ನೀನು ಬಂದಾಗ ತೊಟ್ಟ ಬಿಳಿ ನಿಲುವಂಗಿಯ ಒಂದೊಂದು ನೆರಿಗೆಯೂ ಅವಳದ್ದು.

ಏಳೂ ಜನ ಒಂದು ವರ್ಷದಿಂದ ದಪ್ಪ ಗ್ಲೌಸು ಕೇಳುತ್ತಿದ್ದರು. ಆಸ್ಪತ್ರೆಯವರು ಹಿರಿಯರ ಮಂಡಳಿಯನ್ನು ತೋರಿಸಿದರು. ಮಂಡಳಿಯಲ್ಲಿ ನಮ್ಮ 'ತಿದಿ'ಯವರಿದ್ದಾರಲ್ಲ, ಕುಲುಮೆಯ ತಿದಿಯ ಹಾಗೆ ಎದೆಯುಬ್ಬಿಸಿ ಹಾಡಿ ಕಿಟಕಿ ಗಾಜು ನಡುಗಿಸುವ ಅಧ್ಯಕ್ಷರು, ಅವರು ಹೇಳಿದ್ದು ನಾನೇ ಕಿವಿಯಾರೆ ಕೇಳಿದ್ದು: "ಅಮ್ಮಾ, ಇದು ಆಡಳಿತದ ವಿಷಯ, ಆತ್ಮದ ವಿಷಯ ಅಲ್ಲ. ಚರ್ಚಿಗೆ ರಾಜಕೀಯ ತರಬೇಡಿ." ಅದೇ ಕೂಟದಲ್ಲಿ ಆಸ್ಪತ್ರೆಯ ಹೊಸ ಕಟ್ಟಡದ ಪರದೆ ಕೆನೆಬಣ್ಣದ್ದಿರಬೇಕೋ ತಿಳಿನೀಲಿಯದ್ದೋ ಎಂದು ಮುಕ್ಕಾಲು ಗಂಟೆ ಚರ್ಚೆಯಾಯಿತು. ಪರದೆ ಆತ್ಮದ ವಿಷಯ ಅಂತ ಕಾಣುತ್ತದೆ. ಕೊನೆಗೆ ಹೆಂಗಸರು ಕೇಂದ್ರ ಕಚೇರಿಗೆ ಅರ್ಜಿ ಬರೆದರು. "ನಿಮ್ಮ ಅಹವಾಲನ್ನು ಪ್ರಾರ್ಥನಾಪೂರ್ವಕವಾಗಿ ಪರಿಶೀಲಿಸಲಾಗುವುದು" ಎಂದು ಒಂದು ಸಾಲಿನ ಉತ್ತರ ಬಂತು. ಅದರ ಕೆಳಗಿದ್ದ ಸಹಿಯ ಮಾತು ಆಮೇಲೆ.

ಉತ್ತರ ಬಂದ ಹತ್ತೇ ದಿನಕ್ಕೆ ಇಸ್ತ್ರಿಯಕ್ಕನ ಅಂಗೈಗೆ ಸೂಜಿ ಹೊಕ್ಕಿತು. ಯಾವ ರೋಗಿಯದೋ, ಯಾವ ರೋಗದ್ದೋ ದೇವರೇ ಬಲ್ಲ. ಮೊದಲ ರಕ್ತಪರೀಕ್ಷೆ ಸರಿಯಿದೆ. ಇನ್ನೊಂದು ಪರೀಕ್ಷೆ ಮೂರು ತಿಂಗಳಾದ ಮೇಲೆ. ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡ ಅಂದರು. ಆಮೇಲೆ ಬಾ ಅಂತಲೂ ಅನ್ನಲಿಲ್ಲ. ಮರುದಿನವೇ ಅವಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು, ಅವಳೂ ಬರಿಗೈಯಲ್ಲೇ.

ಇನ್ನು ನನ್ನ ಹೇಸಿಗೆಯ ಕಥೆ ಕೇಳು. ಭಾನುವಾರ ಪೆಟ್ಟಿಗೆಗೆ ಬಿದ್ದ ಪ್ರಾರ್ಥನೆಯ ಚೀಟಿಗಳನ್ನು ಸಭೆಯ ಮುಂದೆ ಓದುವವಳು ನಾನು. ಟೀಚರಾಗಿದ್ದವಳು, ಧ್ವನಿ ಗಟ್ಟಿಯಿದೆ ಅಂತ ಕೊಟ್ಟ ಕೆಲಸ. ಚೀಟಿಗಳನ್ನು ಸ್ವಲ್ಪ ನಯ ಮಾಡಿ ಓದುವುದು ನನಗೆ ಅಭ್ಯಾಸ. "ಗಂಡ ಕುಡಿದು ಹೊಡೆಯುತ್ತಾನೆ" ಎಂದಿದ್ದರೆ "ಕುಟುಂಬದ ಸಮಾಧಾನಕ್ಕಾಗಿ" ಎಂದು ಓದಿಬಿಡುತ್ತಿದ್ದೆ. ಅವರ ಮರ್ಯಾದೆ ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಯಾರ ಮರ್ಯಾದೆ ಕಾಯುತ್ತಿದ್ದೆನೋ! ಪ್ರಾರ್ಥನಾಪೂರ್ವಕವಾಗಿ ಅಂತ ಕಚೇರಿಯವರೇ ಬರೆದ ಮೇಲೆ, ಹಾಗಾದರೆ ಪ್ರಾರ್ಥನೆಯಲ್ಲೇ ಕೇಳೋಣ ಅಂತ ಇಸ್ತ್ರಿಯಕ್ಕ ಒಂದು ಚೀಟಿ ಹಾಕಿದಳು. ಲಾಂಡ್ರಿ ಚೀಟಿಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿತ್ತು: "ದೇವರೇ, ನಮ್ಮ ಏಳೂ ಜನರ ಕೈಗೆ ದಪ್ಪ ಗ್ಲೌಸು ಕೊಡಿಸು. ಸೂಜಿ ತೆಗೆದು ಬಟ್ಟೆ ಕೆಳಗೆ ಕಳಿಸುವ ಬುದ್ಧಿ ಮೇಲಿನವರಿಗೆ ಕೊಡು. ನನ್ನ ಕೆಲಸ ನನಗೆ ವಾಪಸ್ ಕೊಡಲಿ. ಆಮೆನ್." ನಾನು ಓದಿದ್ದು ಏನು ಗೊತ್ತೇ? "ಶ್ರಮಜೀವಿಗಳ ಆರೋಗ್ಯಕ್ಕಾಗಿ." ಇಡೀ ಸಭೆ ಆಮೆನ್ ಅಂದಿತು. ಎಲ್ಲರಿಗಿಂತ ಜೋರಾಗಿ ಅಂದವರು ತಿದಿಯವರು.

ಆರಾಧನೆ ಮುಗಿದ ಮೇಲೆ ಅವಳು ಮೆಟ್ಟಿಲ ಹತ್ತಿರ ಕಾದಿದ್ದಳು. ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು. "ಟೀಚರೇ, ನಾನು ಬರೆದದ್ದು ಅದಲ್ಲವಲ್ಲ. ಗ್ಲೌಸು ಅಂದ್ರೆ ದೇವರಿಗೆ ಗೊತ್ತಾಗಲ್ವಾ?"

ಚೀಟಿ ನನ್ನ ಹತ್ತಿರವೇ ಇತ್ತು. ಮರು ಭಾನುವಾರ ಒಂದು ಅಕ್ಷರ ಬಿಡದೆ, ಏರಿಳಿತ ಮಾಡದೆ, ಹಾಜರಿ ಕರೆದ ಹಾಗೆ ಓದಿದೆ. ಆಮೆನ್ ಬಂದದ್ದು ಕೊನೆಯ ಬೆಂಚಿನಿಂದ ಮಾತ್ರ, ಎಂದಿನಂತೆ ಸ್ವಲ್ಪ ತಡವಾಗಿ. ಮುಂದಿನ ಬೆಂಚುಗಳವರು ನೆಲದಲ್ಲಿ ಏನೋ ಕಳೆದುಕೊಂಡವರ ಹಾಗೆ ತಲೆ ತಗ್ಗಿಸಿದ್ದರು. ಬುಧವಾರ ಮಂಡಳಿಯವರು ಕರೆಸಿದರು. "ಅಕ್ಕೋರೇ, ನಿಮಗೂ ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಿ" ಅಂದರು. ಈಗ ಚೀಟಿಯ ಪೆಟ್ಟಿಗೆಗೆ ಬೀಗ ಬಿದ್ದಿದೆ, ಬೀಗದ ಕೈ ತಿದಿಯವರ ಜೇಬಿನಲ್ಲಿದೆ. ದೇವರಿಗೆ ಬರೆದ ಕಾಗದವನ್ನು ಒಡೆದು ನೋಡಿ ಮುಂದಕ್ಕೆ ಕಳಿಸುವ ಧೈರ್ಯ, ತಮ್ಮಾ! ಥೂ.

ನಾವು ಚಿಕ್ಕವರಿದ್ದಾಗ ಇದೇ ಚರ್ಚಿನಲ್ಲಿದ್ದ ಹಳೆಯ ಪಾದ್ರಿಗಳು ನಿನಗೆ ನೆನಪಿದ್ದಾರಲ್ಲ? ಹರಿದ ಕಾಲರು, ಮೂಗಿನ ತುದಿಗೆ ಜಾರುವ ಕನ್ನಡಕ. ಇಟ್ಟಿಗೆ ಭಟ್ಟಿಯ ಗೋಡೆ ಕುಸಿದು ಮೂವರು ಸತ್ತ ವಾರ, ಉಪದೇಶ ಇವತ್ತು ಇಲ್ಲಿಲ್ಲ ಅಂತ ಪೀಠದಿಂದ ಇಳಿದು ಇಡೀ ಸಭೆಯನ್ನು ಭಟ್ಟಿಯ ಗೇಟಿಗೆ ನಡೆಸಿಕೊಂಡು ಹೋದರು. ಸತ್ತವರ ಮನೆಯವರಿಗೆ ನ್ಯಾಯ ಸಿಗುವ ತನಕ ಅಲ್ಲಿಂದ ಕದಲಲಿಲ್ಲ. ಮೂರೇ ತಿಂಗಳಿಗೆ ಅವರನ್ನು ಬೇರೆಡೆಗೆ ಎತ್ತಿಹಾಕಿದರು. ಆಗಲೂ ಒಬ್ಬ ತಿದಿ ಇದ್ದ. ಆದರೆ ಗೇಟಿನಿಂದ ಬಂದ ದಿನ ಧೂಳುಗಾಲಲ್ಲೇ ನೀನು ಅಮ್ಮನಿಗೆ "ನಾನೂ ಪಾದ್ರಿ ಆಗ್ತೀನಿ" ಅಂದೆ. ಅಮ್ಮ "ಮೊದಲು ಕಾಲು ತೊಳ್ಕೋ" ಅಂದಳು. ನೀನು ಪಾದ್ರಿಯಾದೆ, ಈಗ ಕೇಂದ್ರ ಕಚೇರಿಯಲ್ಲಿ ಕೂತು ಎಲ್ಲ ಆಸ್ಪತ್ರೆಗಳನ್ನು ನೋಡಿಕೊಳ್ಳುವ ದೊಡ್ಡವನೂ ಆದೆ. ಆ ಒಂದು ಸಾಲಿನ ಉತ್ತರವನ್ನು ಇಸ್ತ್ರಿಯಕ್ಕ ನನ್ನ ಮುಂದೆ ಬಿಚ್ಚಿದಾಗ ಓದಬೇಕಾಗಿಯೇ ಬರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ಸುತ್ತುವ ಸಹಿ. ನಿನಗೆ ಸ್ಲೇಟು ಹಿಡಿಸಿ ಕೈ ತಿದ್ದಿಸಿದವಳು ನಾನು, ನನಗೆ ಗೊತ್ತಾಗದೇ? ಬಾಲ ಎಳೆಯಬೇಡ ಅಂತ ಆಗಲೇ ಹೊಡೆಯಬೇಕಿತ್ತು.

ಮುಂದೆ ಬರೆದರೆ ಬಾಯಿ ಕೆಡುತ್ತದೆ. ನಿನ್ನ ಹೆಂಡತಿಗೆ ನನ್ನ ಪ್ರೀತಿ ಹೇಳು, ಅವಳ ಬೆನ್ನುನೋವಿಗೆ ಬಿಸಿನೀರಿನ ಚೀಲವೇ ಒಳ್ಳೆಯದು. ದೇವರು ನಿನ್ನ ಮಂಡಿಗೆ ಬಲ ಕೊಡಲಿ. ಬಗ್ಗುವುದಕ್ಕೆ ಮಾತ್ರವಲ್ಲ, ಎದ್ದು ನಿಲ್ಲುವುದಕ್ಕೂ.

ನಿನ್ನ ಅಕ್ಕ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬರುವ ಭಾನುವಾರ ಹೊಸ ಕಟ್ಟಡದ ಪ್ರತಿಷ್ಠೆಗೆ ನೀನೇ ಬರುತ್ತೀಯೆಂದು ಬೋರ್ಡು ಹಾಕಿದ್ದಾರೆ. ಅಂಥ ದಿನ ಚೀಟಿಗಳನ್ನು ಅತಿಥಿಯೇ ಓದುವುದು ರೂಢಿ, ಅದನ್ನು ತಿದಿಯವರೂ ತಪ್ಪಿಸಲಾರರು. ಇಸ್ತ್ರಿಯಕ್ಕನ ಚೀಟಿ ಈ ಲಕೋಟೆಯಲ್ಲಿದೆ, ಅವಳನ್ನು ಕೇಳಿಯೇ ಕಳಿಸುತ್ತಿದ್ದೇನೆ. ನಾನು ಈಗ ಆ ಏಳೂ ಜನರ ಜೊತೆ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಗ್ಲೌಸು ಅನ್ನುವ ಮಾತು ನಿನ್ನ ಬಾಯಿಂದ ಬರುವವರೆಗೆ ನಾವು ಎಂಟು ಜನ ಆಮೆನ್ ಅನ್ನುವುದಿಲ್ಲ.